ಬಿಪಿ ಇರುವವರಿಗೆ ಆಯುರ್ವೇದದ ದಿನಚರಿ: ಉಪ್ಪಿನ ಡಬ್ಬಿಯಿಂದ ಶುರುಮಾಡಿ

"ಮಾತ್ರೆ ಒಮ್ಮೆ ಶುರುಮಾಡಿದ್ರೆ ಕೊನೆವರೆಗೂ ಬಿಡೋಕಾಗಲ್ವಂತೆ, ಅದಕ್ಕೇ ಆಯುರ್ವೇದ ನೋಡೋಣ ಅಂತಿದ್ದೀನಿ." ಬಿಪಿ ಇದೆ ಎಂದು ಹೊಸದಾಗಿ ಗೊತ್ತಾದವರ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಯಾರೋ ಒಬ್ಬರು ಚೂರ್ಣದ ಡಬ್ಬಿ ತಂದುಕೊಡುತ್ತಾರೆ, ಇನ್ಯಾರೋ ವಾಟ್ಸ್ಯಾಪಿನಲ್ಲಿ ಕಷಾಯದ ವಿಡಿಯೋ ಕಳಿಸುತ್ತಾರೆ. ಹೀಗೆ ಡಬ್ಬಿ, ಬಾಟಲಿಗಳ ಕಡೆ ನೋಡುವ ಭರದಲ್ಲಿ ಆಯುರ್ವೇದ ಅಧ್ಯಾಯಗಟ್ಟಲೆ ಹೇಳಿರುವ ಊಟ, ನಿದ್ದೆ, ನಡಿಗೆಗಳ ವಿಷಯ ಯಾರಿಗೂ ಬೇಡವಾಗುತ್ತದೆ. ಬಿಪಿಯ ಮಟ್ಟಿಗೆ ಅದರ ಬಲ ಇರುವುದೇ ಅಲ್ಲಿ ಎಂಬುದು ನನ್ನ ಅಭಿಪ್ರಾಯ.

ಇದು ಮಾತ್ರೆ ತಪ್ಪಿಸಿಕೊಳ್ಳುವ ದಾರಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರು ಬರೆದುಕೊಟ್ಟ ಮಾತ್ರೆ ಅದರ ಪಾಡಿಗೆ ನಡೆಯಲಿ. ಕೆಲವು ಬಿಪಿ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲಕ್ಕೇರುವುದುಂಟು. ಏಕಾದಶಿ, ಸೋಮವಾರದ ಉಪವಾಸವೆಂದು ಮಾತ್ರೆಗೂ ರಜೆ ಕೊಡುವವರು ಇದನ್ನು ನೆನಪಿಡಬೇಕು. ದಿನಚರಿ ತಿದ್ದಿಕೊಂಡು ಒತ್ತಡ ನಿಜವಾಗಿಯೂ ಇಳಿದರೆ, ಡೋಸ್ ಕಡಿಮೆ ಮಾಡುವ ಮಾತನ್ನು ಡಾಕ್ಟರ ಎದುರು ಎತ್ತಲು ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ. ಆ ಲೆಕ್ಕದಿಂದಲೇ ಆರಂಭಿಸೋಣ.

ಹೆಜ್ಜೆ 1: ಸರಿಯಾಗಿ ಅಳೆಯಿರಿ

ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ-ರೊಚ್ಚಿ ರೂಪಿಸಿದ್ದು 1896ರಲ್ಲಿ. ಸ್ಟೆತಸ್ಕೋಪಿನಲ್ಲಿ ಸದ್ದು ಕೇಳಿ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗುರುತಿಸುವ ವಿಧಾನ ರಷ್ಯಾದ ಕೊರೊಟ್ಕಾಫ್‌ನಿಂದ ಬಂದಿದ್ದು 1905ರಲ್ಲಿ. ಹಾಗಾಗಿ ಆಯುರ್ವೇದದ ಪ್ರಾಚೀನ ಆಚಾರ್ಯರಾದ ಚರಕ, ವಾಗ್ಭಟರ ಗ್ರಂಥಗಳಲ್ಲಿ ಈ ಅಂಕಿ ಹುಡುಕಿ ಪ್ರಯೋಜನವಿಲ್ಲ. ನಾಡಿ ಹಿಡಿದು 150/95 ಎಂದು ಹೇಳಲು ಎಷ್ಟೇ ನುರಿತ ಪಂಡಿತರಿಗೂ ಆಗದು. ತಲೆ ಸುತ್ತಿದರೆ ಬಿಪಿ, ಸಿಟ್ಟು ಬಂದರೆ ಬಿಪಿ ಎಂಬ ನಮ್ಮ ಅಂದಾಜೂ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಹೆಚ್ಚಿನವರಲ್ಲಿ ಏರಿದ ಒತ್ತಡ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಮನೆಗೆ ಯಂತ್ರ ತರುವುದಾದರೆ ಮಣಿಕಟ್ಟಿನದು ಬೇಡ, ತೋಳಿನದು ತನ್ನಿ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿಯನ್ನೇ ಕೇಳಿ. ಬಿಗಿಯಾದ ಚಿಕ್ಕ ಪಟ್ಟಿ ಇಲ್ಲದ ಬಿಪಿಯನ್ನೂ ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಹೊಗೆಸೊಪ್ಪು, ನಡಿಗೆ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಟ್ಟಿಯನ್ನು ಬರಿಯ ತೋಳಿಗೇ ಕಟ್ಟಿ. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಮಾತು ಬೇಡ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ಬರೆದಿಡಿ.

ಬೆಳಿಗ್ಗೆ ಮಾತ್ರೆಗೆ ಮೊದಲು, ಸಂಜೆ ಊಟಕ್ಕೆ ಮೊದಲು, ಹೀಗೆ ಒಂದು ವಾರ ಮಾಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚು, ಮನೆಯ ಸರಾಸರಿಯಲ್ಲಿ 135/85 ಅಥವಾ ಹೆಚ್ಚು ಇದ್ದರೆ ಅದು ಬಿಪಿ. ಯಂತ್ರ ಕೊಳ್ಳಲಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಸಿಲ್ಲದೆ ನೋಡುತ್ತಾರೆ. ಇನ್ನು ದಿನಕ್ಕೆ ಹತ್ತು ಸಲ ಅಳೆದುಕೊಂಡು ಗಾಬರಿಪಡುವವರಿಗೆ ಯಂತ್ರವೇ ಬಿಪಿ ಏರಿಸುತ್ತದೆ. ಅಂಥವರ ಮನೆಯಲ್ಲಿ ಅದು ಬೇರೆಯವರ ಬೀರುವಿನಲ್ಲಿರುವುದು ಒಳ್ಳೆಯದು.

ಹೆಜ್ಜೆ 2: ಉಪ್ಪು ಇಳಿಸಿ, ಕಾಲುಕಾಲು ಭಾಗವಾಗಿ

ಈ ಲೇಖನದಲ್ಲಿ ಒಂದೇ ಹೆಜ್ಜೆ ಅನುಸರಿಸಲು ನಿಮಗೆ ಪುರುಸೊತ್ತಿದ್ದರೆ ಅದು ಇದಾಗಿರಲಿ.

ಚರಕ ಸಂಹಿತೆಯ ವಿಮಾನಸ್ಥಾನ ಎಂಬ ಭಾಗದ ಮೊದಲ ಅಧ್ಯಾಯದಲ್ಲಿ, ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳ ಪಟ್ಟಿಯಿದೆ: ಹಿಪ್ಪಲಿ, ಕ್ಷಾರ ಮತ್ತು ಉಪ್ಪು. ಹಾಲಿಗೂ ಉಪ್ಪು ಬೆರೆಸಿ ಕುಡಿಯುತ್ತಿದ್ದ ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರದ ಜನರ ಉದಾಹರಣೆ ಕೊಟ್ಟು, ಅತಿ ಉಪ್ಪಿನಿಂದ ಮಾಂಸ ಮತ್ತು ರಕ್ತ ಸಡಿಲಾಗುತ್ತವೆ, ಕಷ್ಟ ತಡೆಯುವ ಶಕ್ತಿ ಕುಂದುತ್ತದೆ, ಅಕಾಲದಲ್ಲಿ ತಲೆ ನರೆಯುತ್ತದೆ, ಬೋಳಾಗುತ್ತದೆ ಎಂದೆಲ್ಲ ಅಲ್ಲಿ ಹೇಳಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುವುದು ದಿನಕ್ಕೆ ತಲೆಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ.

ಆದರೆ ಸಾರಿಗೆ ಹಾಕುವಾಗ ಗ್ರಾಂ ಲೆಕ್ಕ ಯಾರು ನೋಡುತ್ತಾರೆ? ಅದಕ್ಕೊಂದು ಸುಲಭ ಉಪಾಯವಿದೆ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ನಾಲ್ಕು ಜನರ ಮನೆಗೆ ತಲೆಗೆ 5 ಗ್ರಾಂನಂತೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ. 1 ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಉಪ್ಪಿನಕಾಯಿ ಹಾಕದೆ, ದೋಸೆ ಇಡ್ಲಿ ಹಿಟ್ಟು ಚೆಲ್ಲದೆಯೂ ಅದು ತಿಂಗಳಿಗೇ ಖಾಲಿಯಾಗುತ್ತಿದ್ದರೆ ತಲೆಗೆ 8 ಗ್ರಾಂ ದಾಟಿದೆ ಎಂದರ್ಥ. ಹೋಟೆಲಿನ ಮಸಾಲೆದೋಸೆ, ಬೇಕರಿಯ ಖಾರಾ ಬನ್ನು ಈ ಲೆಕ್ಕದ ಹೊರಗಿವೆ.

ನಾಳೆಯಿಂದಲೇ ಉಪ್ಪಿಲ್ಲದ ಸಪ್ಪೆ ಊಟ ಎಂದು ಹಟ ಹಿಡಿದರೆ ಮೂರನೆಯ ದಿನ ಮನೆಯಲ್ಲಿ ಜಗಳವಾಗುತ್ತದೆ. ಇಲ್ಲಿ ಆಯುರ್ವೇದವೇ ಒಂದು ಕ್ರಮ ಹೇಳಿಕೊಟ್ಟಿದೆ. ರೂಢಿಯಾದ ಅಪಥ್ಯವನ್ನು ಒಮ್ಮೆಗೇ ಬಿಡಬಾರದು, ಕಾಲು ಭಾಗ ಬಿಡಬೇಕು, ಆ ಜಾಗಕ್ಕೆ ಪಥ್ಯವನ್ನು ತರಬೇಕು, ಅದು ಒಗ್ಗಿದ ಮೇಲೆ ಇನ್ನೊಂದು ಕಾಲು ಭಾಗ. ಇದಕ್ಕೆ ಪಾದಾಂಶ ಕ್ರಮ ಎನ್ನುತ್ತಾರೆ. ಕಾಲು ಭಾಗವೂ ಕಷ್ಟವೆನಿಸಿದರೆ ಅದರಲ್ಲೂ ಕಾಲು ಭಾಗ ಬಿಟ್ಟರೆ ಸಾಕು ಎನ್ನುವಷ್ಟು ಉದಾರಿ ವಾಗ್ಭಟ. ಹುಳಿಗೆ ನಾಲ್ಕು ಚಮಚ ಹಾಕುವವರು ಎರಡು ಮೂರು ವಾರ ಮೂರು ಚಮಚ ಹಾಕಿ. ನಾಲಿಗೆ ಹೊಂದಿಕೊಂಡ ಮೇಲೆ ಮುಂದಿನದು. ತಗ್ಗಿದ ಉಪ್ಪಿನ ಜಾಗಕ್ಕೆ ನಿಂಬೆಹುಳಿ, ಪುನರ್ಪುಳಿ, ಜೀರಿಗೆ, ಕಾಳುಮೆಣಸು, ಹಸಿಶುಂಠಿ, ಕರಿಬೇವಿನ ಒಗ್ಗರಣೆ ಬರಲಿ. ಉಪ್ಪನ್ನು ಕುದಿಯುವಾಗ ಹಾಕುವ ಬದಲು ಇಳಿಸುವ ಹೊತ್ತಿಗೆ ಹಾಕಿದರೆ ಕಡಿಮೆಯಲ್ಲೇ ರುಚಿ ತಿಳಿಯುತ್ತದೆ. ಮುದ್ದೆಗೆ, ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಬೇಕಾಗಿಯೇ ಇಲ್ಲ. ಊಟದ ಮೇಜಿನ ಮೇಲಿನ ಉಪ್ಪಿನ ಬಟ್ಟಲನ್ನು ಒಳಗಿಡಿ.

ಪ್ರತಿ ಸೀಮೆಗೂ ತನ್ನದೇ ಆದ ಉಪ್ಪಿನ ಕಣಜವಿದೆ. ಮಲೆನಾಡಿನವರಿಗೆ ಅಪ್ಪೆಮಿಡಿ ಮತ್ತು ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ, ಕರಾವಳಿಯವರಿಗೆ ಒಣಮೀನು, ಬಯಲುಸೀಮೆಗೆ ಬಾಳಕದ ಮೆಣಸಿನಕಾಯಿ ಮತ್ತು ಸಂಡಿಗೆ, ಉತ್ತರ ಕರ್ನಾಟಕಕ್ಕೆ ಚಟ್ನಿಪುಡಿ ಮತ್ತು ಮಿರ್ಚಿ. ಜೋಳದ ರೊಟ್ಟಿಯಲ್ಲಿ ಉಪ್ಪಿಲ್ಲ ಎಂದು ಸಮಾಧಾನಪಟ್ಟು ಅದಕ್ಕೆ ಮೂರು ಬಗೆಯ ಚಟ್ನಿಪುಡಿ ಹಚ್ಚಿಕೊಂಡರೆ ಲೆಕ್ಕ ಅಲ್ಲಿಗಲ್ಲಿಗೇ ಸರಿಹೋಗುತ್ತದೆ. ಪ್ಯಾಕೆಟ್ ತಿಂಡಿಯ ಹಿಂಬದಿಯಲ್ಲಿ ಸೋಡಿಯಂ ಎಷ್ಟೆಂದು ಇರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ.

ಇನ್ನು ಸೈಂಧವ ಲವಣದ ವಿಷಯ. ದಿನವೂ ಬಳಸಬಹುದಾದ ಆಹಾರಗಳ ಪಟ್ಟಿಯಲ್ಲಿ ಚರಕ ಸೈಂಧವವನ್ನು ಸೇರಿಸಿದ್ದು ನಿಜ, ಉಪ್ಪುಗಳಲ್ಲಿ ಅದೇ ಶ್ರೇಷ್ಠವೆಂಬ ಮಾತೂ ನಿಜ. ಆದರೆ ರಾಸಾಯನಿಕವಾಗಿ ಅದರ ಬಹುಪಾಲು ನಮ್ಮ ಅಡುಗೆ ಉಪ್ಪೇ. ಗುಲಾಬಿ ಬಣ್ಣದ್ದಾಗಿರುವುದರಿಂದ ಎರಡು ಚಮಚ ಹೆಚ್ಚು ಹಾಕಬಹುದು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಮೇಲಾಗಿ ಅದಕ್ಕೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ಬೇರೆಯದೇ ವಸ್ತು, ಅದರಲ್ಲಿ ಸೋಡಿಯಂನ ಒಂದು ಪಾಲನ್ನು ಪೊಟ್ಯಾಸಿಯಂ ತುಂಬಿರುತ್ತದೆ. ಹಲವರಿಗೆ ಅದು ಅನುಕೂಲ. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರನೊಲ್ಯಾಕ್ಟೋನ್ ತರಹದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಎಳನೀರಿನಲ್ಲೂ ಪೊಟ್ಯಾಸಿಯಂ ಇರುವುದರಿಂದ ದಿನವೂ ಅದನ್ನು ಕುಡಿಯುವ ಸಲಹೆಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಹೆಜ್ಜೆ 3: ತಟ್ಟೆಯಲ್ಲಿ ಏನಿರಲಿ

ಉಪ್ಪು ಇಳಿಸಿದ ಮೇಲೆ ಉಳಿದದ್ದು ಅಷ್ಟೇನೂ ಕಷ್ಟವಲ್ಲ. ಹೆಸರುಕಾಳು, ಜವೆಗೋಧಿ, ನೆಲ್ಲಿಕಾಯಿ ಚರಕನ ನಿತ್ಯದ ಪಟ್ಟಿಯಲ್ಲೇ ಇವೆ. ನುಗ್ಗೆಸೊಪ್ಪು, ಬಾಳೆದಿಂಡು, ಸೋರೆ, ಪಡುವಲ, ಹೀರೆ ವಾರವಿಡೀ ಸರದಿಯ ಮೇಲೆ ಬರಲಿ. ಕರಿದದ್ದು ಹಬ್ಬಕ್ಕೆ ಸಾಕು.

ಒಂದು ತಂಬುಳಿ ಹೇಳುತ್ತೇನೆ, ಏಕೆಂದರೆ ಕಡಿಮೆ ಉಪ್ಪಿನಲ್ಲಿ ರುಚಿಯಾಗುವ ಅಡುಗೆ ಎಂದರೆ ನನಗೆ ಮೊದಲು ನೆನಪಾಗುವುದು ಅದೇ. ಒಂದು ಹಿಡಿ ಒಂದೆಲಗವನ್ನು ಬೇರಿನ ಮಣ್ಣು ಹೋಗುವಂತೆ ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಚಟಗುಟ್ಟಿಸಿ, ಎಲೆ ಹಾಕಿ ಬಾಡುವಷ್ಟು ಹುರಿಯಿರಿ. ಆರಿದ ಮೇಲೆ ಎರಡು ಚಮಚ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ತುಸು ಹುಳಿಬಂದ ಮಜ್ಜಿಗೆಗೆ ಬೆರೆಸಿ. ಕುದಿಸಬೇಡಿ. ಮಜ್ಜಿಗೆಯ ಹುಳಿ, ಮೆಣಸಿನ ಘಾಟು ಇರುವುದರಿಂದ ಬೆರಳ ತುದಿಯಷ್ಟು ಉಪ್ಪು ಸಾಕು. ಇದು ಬಿಪಿಯ ಔಷಧ ಎಂದು ನಾನು ಹೇಳುತ್ತಿಲ್ಲ. ಇದನ್ನು ಕಲಸಿಕೊಂಡು ಉಂಡ ದಿನ ಉಪ್ಪಿನಕಾಯಿ ಬೇಕೆನಿಸುವುದಿಲ್ಲ, ಅಷ್ಟೇ ಲಾಭ.

ರಾತ್ರಿಯೂಟ ಎಂಟರೊಳಗೆ, ಹಗುರವಾಗಿ ಮುಗಿಯಲಿ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವುದನ್ನು ಬಿಡಿ. ಮದ್ಯ ಕುಡಿಯುವವರಿಗೆ ಹೇಳುವುದೂ ಅದೇ.

ಹೆಜ್ಜೆ 4: ಅರ್ಧ ಶಕ್ತಿಯ ನಡಿಗೆ

ವ್ಯಾಯಾಮವನ್ನು ಅರ್ಧ ಶಕ್ತಿಯಷ್ಟು ಮಾಡಬೇಕು ಎನ್ನುತ್ತದೆ ಆಯುರ್ವೇದ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ ಬಾಯಿಂದ ಉಸಿರು ಬರತೊಡಗುವುದು ಅದರ ಗುರುತು. ಮಾತಾಡಲು ಆಗಬೇಕು, ಹಾಡಲು ಆಗಬಾರದು ಎನ್ನುವ ವೇಗ ಹೆಚ್ಚುಕಡಿಮೆ ಅದೇ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೆಯಿರಿ. ಎದೆನೋವು, ಏದುಸಿರು ಇರುವವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ.

ಹೆಜ್ಜೆ 5: ಉಸಿರು, ಎಣ್ಣೆ, ನಿದ್ದೆ

ಬಿಪಿ ಇರುವವರಿಗೆ ಯೋಗದಲ್ಲಿ ಎಲ್ಲವೂ ಹಿತವಲ್ಲ. ರಭಸದ ಕಪಾಲಭಾತಿ, ಭಸ್ತ್ರಿಕ, ಉಸಿರು ಬಿಗಿಹಿಡಿಯುವ ಕುಂಭಕ, ಶೀರ್ಷಾಸನ ಇವು ಒತ್ತಡ ಹತೋಟಿಗೆ ಬರುವವರೆಗಂತೂ ಬೇಡ. ಭ್ರಾಮರಿ ಮಾಡಿ: ಮೂಗಿನಿಂದ ನಿಧಾನ ಉಸಿರೆಳೆದುಕೊಂಡು, ತುಟಿ ಮುಚ್ಚಿ, ಗುಂಯ್ ಎಂಬ ನಾದದೊಂದಿಗೆ ಇನ್ನೂ ನಿಧಾನವಾಗಿ ಬಿಡಿ. ನಿಮಿಷಕ್ಕೆ ಆರೇಳು ಉಸಿರಿನಷ್ಟು ಸಾವಧಾನವಿರಲಿ, ಹತ್ತು ನಿಮಿಷ ಸಾಕು. ಆಮೇಲೆ ಶವಾಸನ. ಸುಮ್ಮನೆ ಮಲಗುವುದರಿಂದ ಏನಾದೀತು ಎಂದು ಹಗುರವಾಗಿ ಕಾಣಬೇಡಿ. ಮುಂಬಯಿಯ ಹೃದ್ರೋಗ ತಜ್ಞ ಡಾ. ಕೆ.ಕೆ. ದಾತೆ ಮತ್ತು ಸಂಗಡಿಗರು ಬಿಪಿ ರೋಗಿಗಳಿಗೆ ಶವಾಸನ ಮಾಡಿಸಿ ಅದರ ಫಲಿತಾಂಶವನ್ನು 1969ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು.

ಎಣ್ಣೆ ಹಚ್ಚುವ ವಿಷಯದಲ್ಲಿ ವಾಗ್ಭಟ ತಲೆ, ಕಿವಿ ಮತ್ತು ಪಾದಗಳನ್ನು ವಿಶೇಷವಾಗಿ ಹೆಸರಿಸುತ್ತಾನೆ. ಪ್ರತಿದಿನ ಮೈಗೆಲ್ಲ ಎಣ್ಣೆ ಹಚ್ಚಲು ಯಾರಿಗೂ ಪುರುಸೊತ್ತಿಲ್ಲ, ಪಾದಗಳಿಗಾದರೂ ಆಗಬಹುದು. ಮಲಗುವ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಒಂದೊಂದು ಪಾದಕ್ಕೂ ಐದು ನಿಮಿಷ ಉಜ್ಜಿ, ಬಟ್ಟೆಯಿಂದ ಒರೆಸಿ. ವಯಸ್ಸಾದವರು ಎಣ್ಣೆ ಕಾಲಿನಲ್ಲೇ ಬಚ್ಚಲಿಗೆ ಹೋಗಿ ಜಾರಿದರೆ ಸೊಂಟ ಮುರಿದೀತು. ಇದರಿಂದ ಯಂತ್ರದ ಅಂಕಿ ಇಳಿಯುತ್ತದೆಂದು ಕಾಯಬೇಡಿ, ನಿದ್ದೆ ಬೇಗ ಹತ್ತುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಂತಂತಾಗುವವರು ಮಾತ್ರ ಎಣ್ಣೆಯ ಮೊದಲು ಡಾಕ್ಟರನ್ನು ಕಾಣಬೇಕು. ಆ ತೊಂದರೆ ತಾನೇ ಬಿಪಿಗೆ ಕಾರಣವಾಗುತ್ತದೆ.

ಆಯುರ್ವೇದ 13 ದೇಹವೇಗಗಳನ್ನು ತಡೆಯಬಾರದು ಎನ್ನುತ್ತದೆ: ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ನಿದ್ದೆ ಇತ್ಯಾದಿ. ತುಂಬಿದ ಮೂತ್ರಕೋಶ ಬಿಪಿಯನ್ನು ಏರಿಸುತ್ತದೆ ಎಂಬುದು ಯಂತ್ರದಲ್ಲೇ ಕಾಣಸಿಗುತ್ತದೆ. ಬಸ್ಸಿನಲ್ಲಿ, ಕಚೇರಿಯಲ್ಲಿ ಗಂಟೆಗಟ್ಟಲೆ ತಡೆದುಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿಕೊಡದೆ ಈ ಉಪದೇಶ ಕೊಡುವುದು ಎಷ್ಟು ಸರಿಯೋ! ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಬೇರೆ ಇದೆ, ಕ್ರೋಧ, ಲೋಭ, ಭಯ ಅದರಲ್ಲಿವೆ. ರಾತ್ರಿ ಒಂಬತ್ತರ ಟಿವಿ ಚರ್ಚೆ ನೋಡುತ್ತಾ ಊಟ ಮಾಡುವವರು ಈ ಪಟ್ಟಿಯನ್ನು ರಿಮೋಟಿನ ಹಿಂದೆ ಅಂಟಿಸಿಕೊಳ್ಳಬಹುದು.

ಹೆಜ್ಜೆ 6: ಔಷಧಿಯ ವಿಷಯದಲ್ಲಿ ಕಣ್ಣು ತೆರೆದಿರಿ

ಬಿಪಿಗೆ ಆಯುರ್ವೇದದಲ್ಲಿ ಪರಿಣಾಮಕಾರಿ ಔಷಧವೇ ಇಲ್ಲವೇ? ಇದೆ, ಅದಕ್ಕೇ ಎಚ್ಚರಿಕೆ ಬೇಕು. ಸರ್ಪಗಂಧದ ಬೇರು ಒತ್ತಡ ಇಳಿಸುತ್ತದೆ ಎಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯೊಂದರಲ್ಲಿ ತಮ್ಮ ರೋಗಿಗಳ ಅನುಭವ ಪ್ರಕಟಿಸಿದ ಮೇಲೆ ಜಗತ್ತೇ ಇತ್ತ ತಿರುಗಿತು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಖಿನ್ನತೆ, ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು ಇಂಥ ತೊಂದರೆಗಳು ಕಂಡುಬಂದು, ಹೊಸ ಮಾತ್ರೆಗಳೂ ಬಂದ ಮೇಲೆ ಅದರ ಬಳಕೆ ತಗ್ಗಿತು. "ಗಿಡಮೂಲಿಕೆ, ಏನೂ ಆಗಲ್ಲ" ಎನ್ನುವವರಿಗೆ ಈ ಬೇರಿನ ಕತೆ ಹೇಳಿ. ಗ್ರಂಧಿಗೆ ಅಂಗಡಿಯಿಂದ ಸರ್ಪಗಂಧದ ಗುಳಿಗೆ ತಂದು ಬಿಪಿ ಮಾತ್ರೆಯ ಜೊತೆ ನುಂಗಿದರೆ ಒತ್ತಡ ಕುಸಿದು ಬೀಳಬಹುದು.

ಅರ್ಜುನ, ಅಂದರೆ ನಮ್ಮ ಹೊಳೆಮತ್ತಿ, ಹೃದಯಕ್ಕೆ ಹಿತವೆಂದು ಹೆಸರಾದ ಮರ. ತೊಗಟೆಯ ಪುಡಿ ಒಂದು ಪಾಲು, ಹಾಲು ಎಂಟು ಪಾಲು, ನೀರು ಮೂವತ್ತೆರಡು ಪಾಲು ಸೇರಿಸಿ, ಹಾಲಷ್ಟೇ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಬತ್ತಿಸುವುದು ಕ್ಷೀರಪಾಕದ ಕ್ರಮ. ವೈದ್ಯರು ಹೇಳಿದರೆ ಮಾಡಿಕೊಳ್ಳಿ. ಅದರ ಅರಿಷ್ಟದಲ್ಲಿ, ಅಂದರೆ ಹುದುಗಿಸಿ ಮಾಡಿದ ಬಾಟಲಿ ಔಷಧದಲ್ಲಿ ಮಾತ್ರ ಬೆಲ್ಲವೂ ಇದೆ, ಹುದುಗಿನಿಂದ ಹುಟ್ಟಿದ ಮದ್ಯಸಾರವೂ ಇದೆ. ಸಕ್ಕರೆ ಕಾಯಿಲೆ ಇದ್ದವರು ಗಮನಿಸಬೇಕು. ಹಸಿ ಬೆಳ್ಳುಳ್ಳಿಯನ್ನು ಔಷಧದ ಪ್ರಮಾಣದಲ್ಲಿ ತಿನ್ನುವವರು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ.

ಒತ್ತಡ ಏರಿಸುವ ಆಯುರ್ವೇದ ಔಷಧಗಳೂ ಇವೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಮೊದಲನೆಯದು ಜ್ಯೇಷ್ಠಮಧು. ಯಷ್ಟಿಮಧು, ಅತಿಮಧುರ ಎಂದರೂ ಅದೇ. ಕೆಮ್ಮಿನ ಸಿರಪ್ಪು, ಗಂಟಲಿನ ಗುಳಿಗೆ, ಕಷಾಯದ ಪುಡಿಗಳಲ್ಲಿ ಸಾಮಾನ್ಯ. ನೆನಪಿನ ಶಕ್ತಿಗೆಂದು ಹೇಳಿರುವ ನಾಲ್ಕು ಮೇಧ್ಯ ರಸಾಯನಗಳಲ್ಲೂ ಅದೊಂದು. ಹೆಚ್ಚು ದಿನ ತೆಗೆದುಕೊಂಡರೆ ದೇಹದಲ್ಲಿ ಸೋಡಿಯಂ, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಎರಡನೆಯದು ಅಜೀರ್ಣದ ಚೂರ್ಣಗಳು. ಲವಣಭಾಸ್ಕರ ಚೂರ್ಣದ ಹೆಸರಲ್ಲೇ ಉಪ್ಪಿದೆ, ಹಿಂಗ್ವಾಷ್ಟಕದಲ್ಲಿ ಸೈಂಧವವಿದೆ. ಊಟವಾದ ಮೇಲೆ ದಿನಾ ಒಂದು ಚಮಚ ನೆಕ್ಕುವ ರೂಢಿ ಇದ್ದರೆ ಹೆಜ್ಜೆ 2ರ ಲೆಕ್ಕಕ್ಕೆ ಅದನ್ನೂ ಸೇರಿಸಿ. ಗ್ಯಾಸಿಗೆ ಕುಡಿಯುವ ಸೋಡಾ ಪುಡಿ, ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಶೀತದ ಮಾತ್ರೆಗಳಿಗೂ ಬಿಪಿ ಏರಿಸುವ ಗುಣವಿದೆ.

ಪಾದರಸ, ಸೀಸದಂಥ ಲೋಹಗಳಿರುವ ರಸೌಷಧಿಗಳನ್ನು ಯಾರೋ ಹೇಳಿದರೆಂದು ತೆಗೆದುಕೊಳ್ಳಬೇಡಿ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಇನ್ನು "ಬಿಪಿ ಬುಡಸಮೇತ ಗುಣ" ಎಂಬ ಜಾಹೀರಾತು ಕಂಡರೆ, ಅಂಥ ಜಾಹೀರಾತನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ ಎಂದು ತಿಳಿದಿರಲಿ. ಆ ಕಾಯಿದೆಯ ಅನುಬಂಧದಲ್ಲಿ ರಕ್ತದೊತ್ತಡದ ಹೆಸರೂ ಇದೆ.

ಆಯುರ್ವೇದ ವೈದ್ಯರ ಬಳಿಗೇ ಹೋಗಬೇಕೆಂದಿದ್ದರೆ ಬಿಎಎಂಎಸ್ ಓದಿ ನೋಂದಣಿಯಾದವರ ಬಳಿ ಹೋಗಿ. ಮೈಸೂರಿನಲ್ಲಿ 1908ರಿಂದ ನಡೆದುಬಂದಿರುವ ಸರ್ಕಾರಿ ಆಯುರ್ವೇದ ಕಾಲೇಜು, ಬೆಂಗಳೂರಿನ ಧನ್ವಂತರಿ ರಸ್ತೆಯ ಸರ್ಕಾರಿ ಆಸ್ಪತ್ರೆ ಇಂಥ ಕಡೆ ಕಡಿಮೆ ಖರ್ಚಿನಲ್ಲಿ ತೋರಿಸಬಹುದು. ಹೋಗುವಾಗ ಬಿಪಿ ಬರೆದಿಟ್ಟ ಹಾಳೆ ಮತ್ತು ಈಗಿನ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಪಂಡಿತರು ಕೊಟ್ಟ ಚೀಟಿಯನ್ನು ನಿಮ್ಮ ಡಾಕ್ಟರಿಗೂ ತೋರಿಸಿ, ಬೈದರೂ ಪರವಾಗಿಲ್ಲ. ಪಂಚಕರ್ಮಕ್ಕೆ ಸೇರುವುದಾದರೆ ಹಬೆಪೆಟ್ಟಿಗೆಗೆ ಕೂರಿಸುವ ಮೊದಲು, ಭೇದಿ ಮಾಡಿಸುವ ವಿರೇಚನಕ್ಕೆ ಮೊದಲು ಬಿಪಿ ನೋಡುತ್ತಾರೆಯೇ ಎಂದು ಕೇಳಿ. ನೋಡದ ಕಡೆ ಸೇರಬೇಡಿ. ಗರ್ಭಿಣಿಯರಿಗೆ ಈ ಹೆಜ್ಜೆಯ ಯಾವ ಔಷಧವೂ ಅಲ್ಲ, ಅವರ ಬಿಪಿ ಹೆರಿಗೆ ಆಸ್ಪತ್ರೆಯ ಕೆಲಸ.

ಹೆಜ್ಜೆ 7: ಯಾವಾಗ ಎಲ್ಲ ಬಿಟ್ಟು ಓಡಬೇಕು

ಯಂತ್ರ 180/120 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಐದು ನಿಮಿಷ ಕುಳಿತು ಮತ್ತೆ ನೋಡಿ. ಬೇರೇನೂ ತೊಂದರೆಯಿಲ್ಲದೆ ಅಂಕಿ ಅಷ್ಟೇ ಇದ್ದರೆ ಅದೇ ದಿನ ಡಾಕ್ಟರನ್ನು ಕಾಣಿ. ಎದೆನೋವು, ಉಸಿರಾಟದ ಕಷ್ಟ, ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಗೊಂದಲ, ಇವುಗಳಲ್ಲಿ ಒಂದು ಕಂಡರೂ ಅಂಕಿ ಎಷ್ಟಿದೆ ಎಂದು ನೋಡುತ್ತಾ ಕೂರದೆ 108ಕ್ಕೆ ಕರೆಮಾಡಿ. ಬಾಯಿಗೆ ಕಷಾಯ, ನಿಂಬೆಹಣ್ಣಿನ ರಸ, ಎರಡನೇ ಮಾತ್ರೆ ಏನನ್ನೂ ಹಾಕಬೇಡಿ. ತೊಂದರೆ ಶುರುವಾದ ಗಂಟೆಯನ್ನು ಗುರುತಿಟ್ಟುಕೊಳ್ಳಿ, ಲಕ್ವದ ಚಿಕಿತ್ಸೆಯಲ್ಲಿ ಅದನ್ನೇ ಮೊದಲು ಕೇಳುತ್ತಾರೆ. ಮಾತ್ರೆಯ ಸ್ಟ್ರಿಪ್ಪುಗಳ ಜೊತೆಗೆ ಕುಡಿಯುತ್ತಿದ್ದ ಚೂರ್ಣ, ಕಷಾಯದ ಡಬ್ಬಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೊರಡಿ.